ಟೆರೇಸಿನ ಎಲೆಗೆ ಬಂದ ಘಟ್ಟದ ಹಕ್ಕಿ

ಎದುರುಮನೆಯ ದೊಡ್ಡಮ್ಮನ ಎಡಗಣ್ಣು ಬಲಗಣ್ಣಿಗಿಂತ ತುಸು ಸಣ್ಣದು. ಯಾರ ಮಾತನ್ನಾದರೂ ನಂಬದಿದ್ದರೆ ಅದು ಪೂರ್ತಿ ಮುಚ್ಚಿಕೊಳ್ಳುತ್ತಿತ್ತು. ಮುಂಬೈಯ ಮಲಾಡಿನ ನಮ್ಮ ಬಿಲ್ಡಿಂಗಿನಲ್ಲಿ ತರಕಾರಿಯವನಿಂದ ಸೊಸೈಟಿ ಸೆಕ್ರೆಟರಿಯವರೆಗೆ ಆ ಕಣ್ಣಿಗೆ ಹೆದರದವರಿರಲಿಲ್ಲ. ಉಡುಪಿ ಕಡೆಯವರು, ನನಗೆ ನೆಂಟರೇನೂ ಅಲ್ಲ. ಆದರೆ ನನ್ನ ಅಮ್ಮ ಹೋದ ಮೇಲೆ, "ಊಟ ಆಯ್ತಾ ಮಾರಾಯ?" ಎಂದು ಕೇಳದೆ ನನ್ನನ್ನು ಲಿಫ್ಟ್ ಹತ್ತಲು ಬಿಟ್ಟವರಲ್ಲ.

ಗಂಡನ ತಿಥಿಯ ದಿನ ಮಾತ್ರ ಅವರಿಗೆ ಯಾವ ಅನುಮಾನವೂ ಇರುತ್ತಿರಲಿಲ್ಲ. ಟೆರೇಸಿನ ಕಟ್ಟೆಯ ಮೇಲೆ ಬಾಳೆಲೆಯಲ್ಲಿ ಅನ್ನ ಇಟ್ಟು ಕಾಗೆಯನ್ನು ಕರೆಯುವುದು. ಅದು ಮುಟ್ಟಿದರೆ ಗಂಡ ಉಂಡ ಹಾಗೆ. ಅಲ್ಲಿಯವರೆಗೆ ಹನಿ ನೀರೂ ಕುಡಿಯುತ್ತಿರಲಿಲ್ಲ.

ಒಂದು ವರ್ಷ ಕಾಗೆಯನ್ನು ಕರೆಯುವ ಮೊದಲೇ ನೀರಿನ ಟ್ಯಾಂಕಿನ ಹಿಂದಿನಿಂದ ಬೇರೆ ಹಕ್ಕಿಯೊಂದು ಬಂದು ಕೂತಿತು. ಬಿಳಿ ಮೈ, ಕರಿ ಮುಖ, ಉದ್ದನೆಯ ಬಾಲ. ಸಂಕೋಚವಿಲ್ಲದೆ ಅನ್ನಕ್ಕೆ ಕೊಕ್ಕು ಹಾಕಿತು. ದೊಡ್ಡಮ್ಮನ ಎಡಗಣ್ಣು ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು.

"ಇದು ಎಂತದು ಮಾರಾಯ?"

ನನಗೇನು ಗೊತ್ತು? ಮೂರನೇ ಮಹಡಿಯ ಹುಡುಗಿಗೆ ಹಕ್ಕಿಗಳ ಹುಚ್ಚು, ಅವಳಿಗೆ ಫೋನ್ ಮಾಡಿದೆ. ಕ್ಯಾಮೆರಾ ಹಿಡಿದು ಓಡಿಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಆಂಟಿ, ಇದು ಇಲ್ಲಿ ಹೋತಾ ಹೀ ನಹೀ, ಇರೋದೇ ಇಲ್ಲ! ನಿಮ್ಮ ಊರ ಕಡೆ ಘಾಟ್ ಕಾಡಲ್ಲಿ ಇರೋದು. ಯಹಾಂ ಕೈಸೆ? ಕಾಗೆ ಫ್ಯಾಮಿಲಿದೇ ಇದು."

"ಕಾಗೆಯ ಕುಟುಂಬವಾ? ಹಾಗಾದ್ರೆ ಇದು ಮುಟ್ಟಿದ್ರೆ ಆಗ್ತದಾ?"

ತಿಥಿ ಮಾಡಿಸುವ ದಾದರಿನ ಭಟ್ಟರನ್ನು ಫೋನಿನಲ್ಲಿ ಕೇಳಿದೆವು. ಕಾಗೆಯೇ ಆಗಬೇಕು, ಇನ್ನೊಂದು ಎಲೆ ಇಟ್ಟು ಕರೆಯಿರಿ ಎಂದರು.

"ಕರೀಬೇಡಿ ಆಂಟಿ, ಪ್ಲೀಸ್!" ಹುಡುಗಿ ಅಳುವಂತಾದಳು. "ಕಾಗೆಗಳು ಇದನ್ನ ಕುಕ್ಕಿ ಸಾಯಿಸ್ತಾವೆ."

ಕರೆಯದಿದ್ದರೆ ಗಂಡ ಹಸಿದು ಹೋಗುತ್ತಾರೆ. ಕರೆದರೆ ಈ ಹಕ್ಕಿಗೆ ಉಳಿಗಾಲವಿಲ್ಲ. ಅದರ ರೂಪದಲ್ಲಿ ಬಂದವರು ಅವರೇ ಆಗಿದ್ದರೆ? ದೊಡ್ಡಮ್ಮ ನನ್ನ ಮುಖ ನೋಡಿದರು, ನಾನು ಟ್ಯಾಂಕ್ ನೋಡಿದೆ. ಅಷ್ಟರಲ್ಲಿ ಕರೆಯದೆಯೇ ಕಾಗೆಗಳು ಬಂದವು. ಗಂಡನ ತಿಥಿಯ ದಿನ ದೊಡ್ಡಮ್ಮ ಸೆರಗು ಬೀಸಿ ಕಾಗೆ ಓಡಿಸಿದ್ದನ್ನು ನಾನು ಕಣ್ಣಾರೆ ಕಂಡೆ.

"ಹೋಗಿ ಆಚೆ! ಉಣ್ಣುವವರನ್ನು ಏಳಿಸುದಾ?"

ಹಕ್ಕಿ ನಿಧಾನಕ್ಕೆ ತಿಂದು ಹಾರಿಹೋಯಿತು. ದೊಡ್ಡಮ್ಮ ನಮ್ಮಿಬ್ಬರಿಗೆ ಬಡಿಸಿದರು, ತಾವು ಮಾತ್ರ ಕೂರಲಿಲ್ಲ.

"ಅವರು ಉಂಡ್ರಾ ಇಲ್ವಾ ಅಂತ ನಂಗೆ ಗೊತ್ತಾಗ್ಲಿಲ್ಲ ಮಾರಾಯ. ಗೊತ್ತಾಗದೆ ನಾನು ಹೇಗೆ ಉಣ್ಣುದು?"

ಹೋದ ವರ್ಷ ದೊಡ್ಡಮ್ಮ ತೀರಿಕೊಂಡರು. ಅವರಿಗಾಗಿ ಟೆರೇಸಿನಲ್ಲಿ ಎಲೆ ಇಟ್ಟವನು ನಾನೇ. ಕಾಗೆ ತಡಮಾಡದೆ ಬಂತು, ಉಂಡಿತು. ಎಲ್ಲರೂ ಸಮಾಧಾನದಿಂದ ಕೆಳಗಿಳಿದು ಊಟಕ್ಕೆ ಕೂತರು. ನಾನು ಮಾತ್ರ ಕೂರಲಿಲ್ಲ. ದೊಡ್ಡಮ್ಮ ಉಂಡರೋ ಇಲ್ಲವೋ, ನನಗೂ ಗೊತ್ತಾಗಲಿಲ್ಲ.