ಲೆನ್ಸಿನ ಮರೆ

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅಣ್ಣ ಕೊನೆಯದಾಗಿ ಏನು ಹೇಳಿದನೆಂದು ನನಗೆ ಖಚಿತವಾಗಿ ಗೊತ್ತಿಲ್ಲ. "ಮರೀಬ್ಯಾಡ ಕಣ್ಲಾ" ಎಂದ ಹಾಗೆ ಕೇಳಿಸಿತ್ತು.

ಅರವತ್ತರ ದಶಕದ ಕೊನೆ. ಅವನು ಉರಿಗಾಂನಲ್ಲಿ ಗಣಿಯ ಫಿಟ್ಟರ್, ನಾನು ಬೆಂಗಳೂರಿನಲ್ಲಿ ಎಂ.ಎ. ಓದುತ್ತಿದ್ದೆ. ನಮ್ಮಿಬ್ಬರ ಹಳೆಯ ಕ್ಯಾಮೆರಾಗಳ ಕಂಪನಿ ಬೇರೆಯಾದರೂ ಲೆನ್ಸನ್ನು ತಿರುಪಿನಂತೆ ತಿರುಗಿಸಿ ಕೂರಿಸುವ ಬಾಯಿ ಒಂದೇ ಅಳತೆಯದು. ಹಾಗಾಗಿ ಇಬ್ಬರಿಗೂ ಸೇರಿ ಒಂದೇ ಲೆನ್ಸ್ ಕೊಳ್ಳಲು ಹೊರಟೆವು. ಜೂಮ್ ಲೆನ್ಸಿನಲ್ಲಿ ಚಿತ್ರ ಅಷ್ಟು ಸ್ಪಷ್ಟವಾಗಿ ಬರುವುದಿಲ್ಲ ಎಂದೆ. ಅಣ್ಣ ನಕ್ಕ. "ಮೂರು ಲೆನ್ಸ್ ಒತ್ಕೊಂಡು ತಿರುಗಕ್ಕೆ ನಾನೇನು ಕತ್ತೇನಾ? ಇದೊಂದಿದ್ರೆ ಬೇತಮಂಗಲದ ಕೆರೆನೂ ಸಿಗ್ತದೆ, ಕೊಕ್ಕರೆ ಕಣ್ಣೂ ಸಿಗ್ತದೆ." ಯಾರೋ ಬಳಸಿ ಬಿಟ್ಟ ಜೂಮನ್ನೇ ತಂದೆವು.

ಮೊದಲ ಸರದಿ ಅವನದಾಯಿತು. ನನ್ನ ಸರದಿ ಬಂದಾಗ, ಹೊರಟ ರೈಲಿನ ಕಿಟಕಿಯೊಳಗೆ ಲೆನ್ಸ್ ಕೊಟ್ಟು ಆ ಮಾತು ಕೂಗಿದ. ಅದೇ ವಾರ ಗಣಿಯೊಳಗೆ ಬಂಡೆ ಕುಸಿದು ಸತ್ತ.

ಆ ಒಂದು ಮಾತನ್ನು ಹಿಡಿದುಕೊಂಡೇ ವರ್ಷಗಳನ್ನು ಕಳೆದೆ. ಆಮೇಲೆ ಅನುಮಾನ ಶುರುವಾಯಿತು. ಗಣಿಯ ವರ್ಕ್‌ಶಾಪಿನಲ್ಲಿ ತಮಿಳಿನಿಂದ ಬಂದ 'ಮರೆ' ಎಂದರೆ ತಿರುಪಿನ ಸುತ್ತು. ಎಂಜಿನ್ನಿನ ಸದ್ದಿನಲ್ಲಿ ಅವನು ಕೂಗಿದ್ದು "ಮರೆ ಬಿಗೀಬ್ಯಾಡ ಕಣ್ಲಾ" ಎಂದಿರಬಹುದೇ? ಲೆನ್ಸನ್ನು ಜೋರಾಗಿ ತಿರುಗಿಸಬೇಡ, ಸಿಕ್ಕಿಕೊಳ್ಳುತ್ತದೆ ಎಂದಷ್ಟೇ?

ಅವನು ಹೋದ ಮೇಲೆ ಲೆನ್ಸನ್ನು ಪೆಟ್ಟಿಗೆಯಿಂದ ತೆಗೆದಿರಲಿಲ್ಲ. ಕೊನೆಗೊಮ್ಮೆ ತೆಗೆದು ಭೂತಗನ್ನಡಿ ಹಿಡಿದು ನೋಡಿದೆ. ಮರೆಯ ಮೊದಲ ಸುತ್ತು ಸವೆದಿತ್ತು.