ನೆಲ ತಾಗದ ಕಾಲು

ಮೊನ್ನೆ ಅಟ್ಟದ ಮೇಲಿನ ಹಳೇ ಗೋಣಿಚೀಲ ಎಳೆದಾಗ ಇಲಿ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಸಿದ್ದಾಪುರದ ತವರಿನ ಆಚೆಮನೆ ಅತ್ತೆಯ ನೆನಪಾಯಿತು. ಎಷ್ಟು ಒಗೆದರೂ ಅವರ ಸೀರೆಯಲ್ಲಿ ಇದೇ ವಾಸನೆ...

ಅತ್ತೆ ದೂರದ ಊರಿನ ಪ್ರಯೋಗಾಲಯವೊಂದರಲ್ಲಿ ಇಲಿ ಸಾಕುವ ಕೆಲಸ ಮಾಡಿ, ನಿವೃತ್ತರಾಗಿ ತಮ್ಮನ ಮನೆ ಸೇರಿದ್ದರು. ಕಾಲಿಗೆ ಮೈಭಾರವೇ ಬೀಳದ ಅಂತರಿಕ್ಷಕ್ಕೆ ಹೋದರೆ ಮೈಗೆ ಏನಾಗುತ್ತದೆಂದು ತಿಳಿಯಲು ಅಲ್ಲೊಂದು ಉಪಾಯವಿತ್ತಂತೆ. ಇಲಿಯ ಬಾಲಕ್ಕೆ ಪಟ್ಟಿ ಸುತ್ತಿ, ಹಿಂಗಾಲು ನೆಲ ತಾಗದಂತೆ ವಾರಗಟ್ಟಲೆ ತೂಗಿಹಾಕುವುದು. ಪಾಪದವು, ಮುಂಗಾಲಲ್ಲೇ ನಡೆದು ಕಾಳು ತಿನ್ನುತ್ತಿದ್ದವು. ರೋಗದ ಜೊತೆ ಕಾದಾಡುವ ಕಣಗಳನ್ನು ಬೆಳೆಸುವ, ಅವುಗಳ ಎದೆಯೊಳಗಿನ ಗ್ರಂಥಿ ಮೆಲ್ಲಗೆ ಕುಗ್ಗುತ್ತಿತ್ತು. ನಿಜವಾಗಿ ಮೇಲೆ ಹೋಗಿಬಂದ ಇಲಿಗಳಲ್ಲೂ ಹಾಗೇ ಆಗಿತ್ತಂತೆ.

ಅತ್ತೆ ಉಯ್ಯಾಲೆಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಎತ್ತರದ ಬೆಂಚಿನಲ್ಲಿ ಕೂತರೂ ಹೆಬ್ಬೆರಳ ತುದಿಯನ್ನಾದರೂ ನೆಲಕ್ಕೆ ಒತ್ತಿಕೊಂಡಿರುತ್ತಿದ್ದರು.

ಮೊದಲ ಸಲ ಕಂಡು ನಾನು ನಕ್ಕಾಗ ಅಂದಿದ್ದರು, "ನೆಗ್ಯಾಡಡ ತಂಗಿ. ಕಾಲು ನೆಲಕ್ಕೆ ತಾಗಿರವು. ಇಲ್ದಿದ್ರೆ ಕಾವಲು ಕಾಯದು ಮೈಗೆ ಮರ್ತು ಹೋಗ್ತು."

ಇಲಿಗಳ ಜೊತೆ ಇದ್ದೂ ಇದ್ದೂ ತಲೆ ಕೆಟ್ಟಿದೆ ಎಂದು ಕೇರಿಯೇ ಆಡಿಕೊಳ್ಳುತ್ತಿತ್ತು. ನನಗೆ ಮಾತ್ರ ಆ ಹೆಬ್ಬೆರಳು ಕಂಡರೆ ಹೆದರಿಕೆ.

ಅದೊಂದು ವರ್ಷ ಜ್ವರ ಬಂದು ಅತ್ತೆ ಏಳಲಾರದಾದರು. ಆರೈಕೆಗೆ ಸುಲಭವೆಂದು ಎತ್ತರದ ಕಬ್ಬಿಣದ ಮಂಚವನ್ನು ಅವರ ತಮ್ಮ ತರಿಸಿದ. ಜ್ವರ ಬಿಡುವ ಮೊದಲೇ ಸೊಂಟಕ್ಕೆ ಸರ್ಪಸುತ್ತು ಎದ್ದಿತು. ಚಿಕ್ಕಂದಿನ ಸೀತಾಳೆ ಸಿಡುಬು ಮೈಯೊಳಗೇ ಮಲಗಿದ್ದು, ಕಾವಲು ತಪ್ಪಿ ಈಗ ಎಚ್ಚರವಾಗಿದೆ ಎಂದು ಅವರಿಗೆ ಗೊತ್ತಿತ್ತು. ಹೊದಿಕೆಯೊಳಗೆ ಪಾದಗಳು ನೆಲ ಹುಡುಕುತ್ತಿದ್ದವು. ಕೈಗಳು ಮಾತ್ರ ಹಾಸಿಗೆಯ ಮೇಲೆ ಒಂದಾದಮೇಲೊಂದು ಮುಂದೆ ಹೋಗುತ್ತಿದ್ದವು, ಆ ಇಲಿಗಳ ಹಾಗೆ.

"ಎನ್ನ ನೆಲಕ್ಕೆ ಇಳಸಿ. ಆನು ಬದುಕ್ತೆ."

ನಮ್ಮ ಕಡೆ ನೆಲಕ್ಕೆ ಇಳಿಸುವುದು ಪ್ರಾಣ ಹೋಗುವಾಗ. ತಮ್ಮ ಹೌಹಾರಿದ. "ಬಿಡ್ತು ಅನ್ನು ಅಕ್ಕಾ! ಜೀವ ಇದ್ದಾಗ್ಲೇ ಇಳಸದಾ?" ಅಕ್ಕನೆಂದರೆ ಅವನಿಗೆ ಜೀವ. ಅದಕ್ಕೇ ಇಳಿಸಲಿಲ್ಲ.

ಇಳಿಸಿದ್ದು ಉಸಿರು ನಿಂತ ಮೇಲೆ. ಕಾಲು ಹಿಡಿದವಳು ನಾನೇ. ಹಿಮ್ಮಡಿ ನೆಲ ತಾಗಿದೊಡನೆ, ಮುದುಡಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು... ನಿನ್ನ ಭ್ರಮೆ ಎಂದರು ಎಲ್ಲರೂ. ಇರಬಹುದು.

ಮೊನ್ನೆಯ ಚೀಲದಿಂದ ಇಲಿಮರಿಯೊಂದು ಬಿತ್ತು. ನಮ್ಮವರು ಬಾಲ ಹಿಡಿದು ಎತ್ತಿದರು. ಹಿಂಗಾಲು ಗಾಳಿಯಲ್ಲಿ ನೆಲ ಹುಡುಕತೊಡಗಿತು.

"ನೆಲಕ್ಕೆ ಬಿಡಿ ಮಾರಾಯ್ರೆ!" ಎಂದು ಕಿರುಚಿಬಿಟ್ಟೆ.

ಅವರು ಬೆಚ್ಚಿ ಕೈಬಿಟ್ಟರು, ಅದು ಓಡಿಹೋಯಿತು. ಅತ್ತೆಗಾಗಿ ಅಂದು ಹೀಗೆ ಒಬ್ಬರೂ ಕಿರುಚಲಿಲ್ಲ, ನಾನೂ.