ಮೇಲಂತಸ್ತಿನ ಬಾಣಂತಿಕೋಣೆ

ಕೈಬಿಚ್ಚಿ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಕೊಟ್ಟು ಸುಮ್ಮನಿರುವವರನ್ನು ಕಂಡರಂತೂ ಇನ್ನೂ ಹೆಚ್ಚು. ನಮ್ಮ ಭರೂಚಿನಲ್ಲಿ ಬಾವಿ ತೋಡಿಸಿದವರೆಲ್ಲ ಕಲ್ಲಿನ ಮೇಲೆ ಅಪ್ಪನ ಹೆಸರು, ಅಜ್ಜನ ಹೆಸರು, ಅವುಗಳ ಕೆಳಗೆ ತಮ್ಮದನ್ನು ಇನ್ನಷ್ಟು ದಪ್ಪಗೆ ಕೆತ್ತಿಸಿದವರೇ. ಬರ್ಜೋರ್‌ಜಿ ಶೇಠ್ ಮಾತ್ರ ಬಾವಿ ತೋಡಿಸಿದರು, ಶಾಲೆ ಕಟ್ಟಿಸಿದರು, ಎಲ್ಲಿಯೂ ಒಂದಕ್ಷರ ಬರೆಸಲಿಲ್ಲ. ಈ ಮನುಷ್ಯ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ನಾನು ಆಗಲೇ ಹೇಳಿದ್ದೆ.

ಶೇಠ್ ಆಗುವ ಮೊದಲು ಅವರು ನಮ್ಮ ಬೀದಿಯ ಬರ್ಜೋರ್. ಅಪ್ಪ ಹೆಂಡದ ಗುತ್ತಿಗೆದಾರ. ಮಗನಿಗೆ ಆ ವಾಸನೆ ಹಿಡಿಸಲಿಲ್ಲ, ಹತ್ತಿ ಪೇಟೆಗೆ ಹೋಗಿ ದಲ್ಲಾಳಿಗಳ ಹಿಂದೆ ಸುತ್ತಿದ. ಹತ್ತಿಯ ಮೂಟೆ ಕಂಡರೆ ಮೊಣಕೈವರೆಗೆ ಕೈ ತೂರಿಸಿ ಒಳಗಿನ ಅರಳೆಯನ್ನೇ ಕಿತ್ತು ತೆಗೆದು ನೋಡುತ್ತಿದ್ದ. ಮಾರುವವರಿಗೆ ಮೈಯೆಲ್ಲ ಉರಿ. "ನಂಬಿಕೆ ಇಲ್ವೇನೋ?" ಅಂದರೆ, "ಮೇಲಿನದು ಎಲ್ಲರ ಮೂಟೆಯಲ್ಲೂ ಚೆನ್ನಾಗೇ ಇರುತ್ತಲ್ಲ ಕಾಕಾ" ಅನ್ನುತ್ತಿದ್ದ. ಆ ಒಂದು ಮಾತಿಗೆ ಮಾತ್ರ ನಾನು ಅವನನ್ನು ಮೆಚ್ಚಿದ್ದೆ. ಮುಂದೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ ಆಯಿತು, ಆಮೇಲೆ ನದಿ ದಡದಲ್ಲಿ ಬಟ್ಟೆ ಗಿರಣಿ. ನನ್ನ ಮಗ ಫರ್ದುನ್ ಅಲ್ಲೇ ಮಗ್ಗಗಳ ಮೇಲ್ವಿಚಾರಕ.

ಅವರ ಹೆಂಡತಿ ಆವಾಂ ಮಗಳು ಸೂನಾಳನ್ನು ಹೆತ್ತು ಬಾಣಂತಿಕೋಣೆಯಲ್ಲೇ ತೀರಿಕೊಂಡಳು. ಮೂರನೆಯ ದಿನ ನಮ್ಮ ಪಾರ್ಸಿಗಳ ಬೆಂಕಿಯ ಗುಡಿ ಅಗ್ಯಾರಿಯಲ್ಲಿ ಎಲ್ಲರೂ ಸೇರಿದೆವು. ಸತ್ತವರ ಹೆಸರಿನಲ್ಲಿ ಇಂಥ ದಾನ ಕೊಡುತ್ತೇನೆಂದು ಮನೆಯವರು ಅಲ್ಲಿ ಎದ್ದು ಹೇಳುವುದು ನಮ್ಮ ಪದ್ಧತಿ. ಬಡ ಅಡುಗೆಯವನೂ ಅಗ್ಯಾರಿಗೆ ಒಂದು ಹಿಡಿ ಗಂಧದ ಕಟ್ಟಿಗೆ ಅನ್ನುತ್ತಾನೆ. ಪೂಜೆಯ ದಸ್ತೂರರು ಎರಡು ಸಲ ಕೆಮ್ಮಿದರು. ಬರ್ಜೋರ್‌ಜಿ ತಲೆ ತಗ್ಗಿಸಿ ಕೂತವರು ಏಳಲೇ ಇಲ್ಲ. "ಹೆಂಡತಿ ಹೆಸರಿಗೆ ಒಂದು ಹೂಜಿ ಕೊಡಕ್ಕೂ ಕೈ ಬರ್ಲಿಲ್ಲ ನೋಡು" ಎಂದು ಪಕ್ಕದ ಮನೆಯ ರತನ್‌ಬಾಯಿ ನನ್ನ ಕಿವಿಯಲ್ಲಿ ಉಸುರಿದಳು. ನನಗೂ ಹಾಗೇ ಅನ್ನಿಸಿತು.

ಅಂಥವರು ಮಗಳ ಮದುವೆ ಮುಗಿಸಿದ ಮೇಲೆ ಊರಾಚೆಯ ದಿಬ್ಬದಲ್ಲಿ ನಮ್ಮ ಹೆಂಗಸರಿಗಾಗಿ ಹೆರಿಗೆ ಮನೆ ಕಟ್ಟಿಸಿದರು. ಅದೂ ಬಾಣಂತಿಕೋಣೆಗಳೆಲ್ಲ ಮೇಲಂತಸ್ತಿನಲ್ಲಿ, ಊರಗಲ ಕಿಟಕಿಗಳು. ನಾವೆಲ್ಲ ಹೆತ್ತಿದ್ದು ಮನೆಯ ಕೆಳಗಿನ ಕತ್ತಲೆ ಕೋಣೆಯಲ್ಲಿ, ಕಬ್ಬಿಣದ ಮಂಚದ ಮೇಲೆ. ನಲವತ್ತು ದಿನ ಸೂಲಗಿತ್ತಿಯ ಹೊರತು ಯಾರೂ ಮುಟ್ಟುವಂತಿಲ್ಲ. ಗಂಡಸರು ಹೊಸಿಲು ದಾಟುವಂತಿಲ್ಲ, ಗಂಡನಾದರೂ ಅಷ್ಟೆ, ಅಪ್ಪನಾದರೂ ಅಷ್ಟೆ. ನದಿಯ ತೇವಕ್ಕೆ ಗೋಡೆ ಬೆವರುತ್ತಿತ್ತು, ನಿಜ. ಹಿಂದಿನ ಮಳೆಗಾಲದಲ್ಲಿ ನಮ್ಮ ಗಲ್ಲಿಯಲ್ಲೇ ಇಬ್ಬರು ಬಾಣಂತಿ ಹುಡುಗಿಯರು ಜ್ವರ ಬಂದು ತೀರಿಹೋದರು, ಅದೂ ನಿಜ. ಹಾಗಂತ ಮೈಲಿಗೆಯವಳನ್ನು ಊರ ತಲೆಯ ಮೇಲೆ ಕೂರಿಸುವುದೇ?

ಒಂದು ವರ್ಷ ಆ ಕಟ್ಟಡದೊಳಗೆ ಪಾರಿವಾಳಗಳೇ ಮೊಟ್ಟೆ ಇಟ್ಟವು. ಶೇಠ್‌ಗೆ ಖಾನ್ ಬಹಾದ್ದೂರ್ ಪದವಿ ಬೇಕಂತೆ, ಕಲೆಕ್ಟರನ ಹೆಂಡತಿಗೆ ತೋರಿಸಲು ಕಟ್ಟಿಸಿದ್ದಂತೆ ಎಂದರು ಕೆಲವರು. ಮುಂಬಯಿಯಿಂದ ಬಂದ ಡಾಕ್ಟರಮ್ಮ ಕತ್ತರಿ ಹಿಡಿಯುವುದನ್ನು ನಮ್ಮ ಮೇಲೆ ಕಲಿಯುತ್ತಾಳಂತೆ ಎಂದರು ಉಳಿದವರು. ಎಲ್ಲವನ್ನೂ ನಾನು ಅಷ್ಟಷ್ಟು ನಂಬಿದೆ.

ಆಗಲೇ ನನ್ನ ಸೊಸೆ ಜೆರುಗೆ ದಿನ ತುಂಬುತ್ತ ಬಂದಿದ್ದು. ತಾಯಿಯಿಲ್ಲದ ಹುಡುಗಿ, ಚೊಚ್ಚಲು ನಮ್ಮಲ್ಲೇ ಆಗಬೇಕು. ಕಡ್ಡಿಯಂಥ ಮೈ. ಒಂದು ಸಂಜೆ ಶೇಠ್ ತಾವಾಗಿಯೇ ನಮ್ಮ ಜಗುಲಿ ಹತ್ತಿದರು.

"ಹಮಾಬಾಯಿ, ಸೊಸೇನ ಮೇಲ್ಗಡೆ ಕಳಿಸಿ. ನಿಮ್ಮ ಕೆಳಗಿನ ಕೋಣೆ ಬೇಡ."

"ಯಾಕೆ ಬರ್ಜೋರ್ ಭಾಯಿ, ನಿಮಗೆ ಮೊದಲನೇ ಕುರಿ ನಮ್ಮ ಮನೇದೇ ಆಗಬೇಕಾ? ನಿಮ್ಮ ಸೂನಾನೂ ಬಸುರಿಯಂತೆ. ಮೊದಲು ಅವಳನ್ನ ಮಲಗಿಸಿ, ಆಮೇಲೆ ನೋಡೋಣ."

ಅವರ ಮುಖ ಬಿಳಿಚಿಕೊಂಡಿತು. ಮುಂದಿಟ್ಟ ಚಹಾ ಮುಟ್ಟದೆ ಎದ್ದು ಹೋದರು. ಸಿಕ್ಕಿಬಿದ್ದೆ ಮಗನೇ ಅಂದುಕೊಂಡೆ.

ಆದರೆ ಸೂನಾ ಮುಂಬಯಿಯಿಂದ ರೈಲಿನಲ್ಲಿ ಬಂದಳು, ನೇರ ದಿಬ್ಬಕ್ಕೇ ಹೋದಳು, ಅಲ್ಲೇ ಗಂಡುಮಗು ಹೆತ್ತಳು ಎಂದು ಸುದ್ದಿಯಾಯಿತು. ರತನ್‌ಬಾಯಿ ನಂಬಲಿಲ್ಲ. "ಮಗಳು ಬಂಗಲೆಯ ಕೆಳಗಿನ ಕೋಣೆಯಲ್ಲೇ ಇದಾಳೆ. ಕಿಟಕೀಲಿ ಕಾಣೋದು ಯಾವಳೋ ಕೂಲಿಯವಳು, ಸೂನಾ ಸೀರೆ ಉಡಿಸಿದಾರೆ ಅಷ್ಟೆ." ಹೀಗೂ ಇರಬಹುದು ಎಂದು ನನ್ನ ತಲೆಯೊಳಗೂ ಹುಳ ಹೊಕ್ಕಿತು. ಮರುದಿನ ಬಾಣಂತಿಗೆಂದು ವಸಾಣು ಮಿಠಾಯಿ ಮಾಡಿ ಡಬ್ಬಿಯಲ್ಲಿ ಹಾಕಿಕೊಂಡು ಹೊರಟೆ. ರತನ್‌ಬಾಯಿಯೂ ಇನ್ನಿಬ್ಬರೂ ಗೇಟಿನವರೆಗೆ ಬಂದು ಅಲ್ಲೇ ನಿಂತರು. ಡಾಕ್ಟರಮ್ಮ ಊಟಕ್ಕೆ ಹೋದ ಹೊತ್ತು. ಕೇಳುವವರಿಲ್ಲ. ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದೆ.

ಮಲಗಿದ್ದವಳು ಸೂನಾಳೇ. ಆದರೆ ನನ್ನ ಕೈಯಲ್ಲಿದ್ದ ಡಬ್ಬಿ ಬೀಳುವುದೊಂದು ಬಾಕಿ. ಮಂಚದ ಅಂಚಿನಲ್ಲಿ ಬರ್ಜೋರ್‌ಜಿ ಕೂತಿದ್ದರು. ಮಗಳ ಕತ್ತಿನ ಕೆಳಗೆ ಎಡಗೈ ಕೊಟ್ಟು ಎತ್ತಿ ಹಿಡಿದು, ಬಲಗೈಯಿಂದ ಲೋಟದ ನೀರು ಕುಡಿಸುತ್ತಿದ್ದರು. ಹೆತ್ತು ಐದು ದಿನವಾಗಿಲ್ಲ, ಗಂಡಸು ಮೈ ಮುಟ್ಟಿ ಕೂತಿದ್ದಾನೆ. ಈ ಮನುಷ್ಯನೇ ಬೆಳಿಗ್ಗೆ ಅಗ್ಯಾರಿಯಲ್ಲಿ ಬೆಂಕಿಯ ಮುಂದೆ ನಿಂತು ಬಂದಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಇದನ್ನು ದಸ್ತೂರರ ಕಿವಿಗೆ ಹಾಕಿದರೆ ಸಾಕು, ಇನ್ನು ಜನ್ಮದಲ್ಲಿ ಅವರ ಗಂಧದ ಕಟ್ಟಿಗೆಯನ್ನು ಅಗ್ಯಾರಿಯಲ್ಲಿ ಯಾರೂ ಕೈಯಿಂದ ಮುಟ್ಟುವುದಿಲ್ಲ. ಈ ಕಟ್ಟಡಕ್ಕೂ ಯಾವ ಹೆಂಗಸೂ ಕಾಲಿಡುವುದಿಲ್ಲ.

ಅವರು ಎದ್ದು ನಿಲ್ಲಲಿಲ್ಲ. ಸೂನಾ ಕುಡಿದು ಮುಗಿಸುವವರೆಗೆ ಕಾದರು, ತಲೆಯನ್ನು ಮೆಲ್ಲಗೆ ದಿಂಬಿಗಿಟ್ಟರು.

"ದಿನಾ ಬರ್ತೀರಾ?" ಎಂದೆ.

"ದಿನಾ."

"ಇದಕ್ಕೇನಾ ಇದನ್ನ ಕಟ್ಟಿಸಿದ್ದು? ನೇಮ ಮುರಿಯೋಕೆ?"

ಅವರು ಲೋಟವನ್ನೇ ನೋಡುತ್ತ ಹೇಳಿದರು. "ಆವಾಂಗೆ ಜ್ವರ ಏರಿದ ದಿನ ಸೂಲಗಿತ್ತಿ ಊಟಕ್ಕೆ ಹೋಗಿದ್ಲು ಹಮಾಬಾಯಿ. ಒಳಗಿಂದ ನೀರು ಕೇಳಿದ್ಲು. ಹೂಜಿ ಹೊಸಿಲ ಹೊರಗೆ, ನನ್ನ ಕಾಲ ಹತ್ತಿರಾನೇ ಇತ್ತು. ಈಗ ಬರ್ತಾಳೆ, ಈಗ ಬರ್ತಾಳೆ ಅಂತ ನಾನು ಹೊರಗೇ ನಿಂತು ಸಮಾಧಾನ ಹೇಳ್ತಿದ್ದೆ. ನೇಮ ಅಂದ್ರೆ ನೇಮ ಅಲ್ವಾ. ಮತ್ತೆ ಮತ್ತೆ ಕೇಳಿದ್ಲು. ಆಮೇಲೆ ಕೇಳಲಿಲ್ಲ. ಸುಮ್ಮನಾದ್ಲಲ್ಲ, ನಿದ್ದೆ ಬಂತು ಅಂದ್ಕೊಂಡೆ."

ನಾನು ಅವರ ಮುಖವನ್ನೇ ನೋಡಿದೆ. ಎಲ್ಲಾದರೂ ನಾಟಕದ ಎಳೆ ಸಿಗುತ್ತದೇನೋ ಎಂದು ಹುಡುಕಿದೆ. ಕಣ್ಣಲ್ಲಿ ನೀರಿಲ್ಲ, ದನಿಯಲ್ಲಿ ನಡುಕವಿಲ್ಲ.

"ಮೂರನೇ ದಿನ ಎಲ್ಲರೂ ನನ್ನ ಬಾಯಿ ನೋಡ್ತಾ ಕೂತ್ರಿ. ಏನಂತ ಹೇಳ್ಲಿ? ಒಂದು ಲೋಟ ನೀರು ಕೊಡದವನು ಎದ್ದು ನಿಂತು, ಅವಳ ಹೆಸರಲ್ಲಿ ಬಾವಿ ತೋಡಿಸ್ತೀನಿ ಅನ್ನಲಾ?"

ಸೂನಾ ಗೋಡೆಯ ಕಡೆ ಮುಖ ತಿರುಗಿಸಿದಳು. ಈ ಮಾತನ್ನು ಅವಳೂ ಮೊದಲ ಸಲ ಕೇಳಿದ್ದು ಎಂದು ಆಗ ಗೊತ್ತಾಯಿತು. ನನ್ನ ಬಾಣಂತನಗಳೂ, ಬಾಗಿಲಾಚೆ ಕೆಮ್ಮಿ ಕೆಮ್ಮಿ ಸರಿದು ಹೋಗುತ್ತಿದ್ದ ನನ್ನ ಗಂಡನೂ ನೆನಪಾದರು.

"ದಸ್ತೂರರಿಗೆ ಹೇಳ್ತೀರಾ? ಹೇಳಿ, ಬೇಡ ಅನ್ನಲ್ಲ," ಎಂದರು ಶೇಠ್. "ಜೆರು ಇಲ್ಲಿ ಹೆತ್ತು ಮನೆಗೆ ಹೋದ ಮೇಲೆ ಹೇಳಿ."

ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕೆಳಗಿಳಿದೆ. ಗೇಟಿನಲ್ಲಿ ಮೂವರೂ ಕತ್ತು ಚಾಚಿ ಕಾದಿದ್ದರು.

"ಸೂನಾನೇನಾ?" ಎಂದಳು ರತನ್‌ಬಾಯಿ.

"ಸೂನಾನೇ. ಅಪ್ಪನ ಮೂಗು ಮರೆಮಾಚೋಕಾಗುತ್ತಾ?"

"ಹತ್ತಿರ ಯಾರಿದ್ರು?"

"ಆಯಾ ಇದ್ಲು," ಎಂದೆ. ರತನ್‌ಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳಿಗೂ ಅನುಮಾನ ಬರದೆ ಇರುತ್ತದೆಯೇ, ಇಷ್ಟು ವರ್ಷ ನನ್ನ ಜೊತೆ ಇದ್ದವಳು.

ಮನೆಗೆ ಬಂದ ಫರ್ದುನ್‌ಗೆ, ನಾಳೆ ಜೆರುವನ್ನು ದಿಬ್ಬಕ್ಕೆ ಕರೆದುಕೊಂಡು ಹೋಗು ಎಂದೆ. ಅವನು ಕಳಚಿದ ಪಗಡಿಯನ್ನು ಕೈಯಲ್ಲೇ ಹಿಡಿದು ನಿಂತ.

"ಏನ್ ಮಾಯ್, ಶೇಠ್ ನಿನಗೇನು ಕೊಟ್ರು?"

"ಬಾಯಿ ಮುಚ್ಚು. ದಿನಾ ಗಿರಣಿ ಬಿಟ್ಟ ಮೇಲೆ ನೀನೂ ಅಲ್ಲಿಗೆ ಬಾ. ಅವಳು ನೀರು ಕೇಳಿದ್ರೆ ಯಾರಿಗೂ ಕಾಯಬೇಡ, ಒಳಗೆ ಹೋಗಿ ನೀನೇ ಕುಡಿಸು."

ಅಡುಗೆಮನೆಯಲ್ಲಿ ಅಕ್ಕಿ ತೊಳೆಯುವ ಸದ್ದು ನಿಂತಿತು. ಜೆರು ಬಾಗಿಲಿಗೆ ಬಂದು ಗಂಡನನ್ನೇ ನೋಡಿದಳು. ಅವನು ಅವಳ ಹೊಟ್ಟೆಯನ್ನು ನೋಡಿದ, ನನ್ನನ್ನು ನೋಡಿದ.

"ಯಾರಾದ್ರೂ ಬಂದ್ರೆ?" ಎಂದ ಮೆಲ್ಲಗೆ.

"ಬಾಗಿಲಲ್ಲಿ ನಾನು ಕೂತಿರ್ತೀನಿ," ಎಂದೆ.